ತಿದಿಯೂದಿದ ಬಂಡಿಗಳ ಬಯಲು

ಲಂಡನ್ನಿನ ವಾಟರ್ಲೂ ನಿಲ್ದಾಣದಲ್ಲಿ ರೈಲು ಹತ್ತಿ ನೈಋತ್ಯ ದಿಕ್ಕಿಗೆ ಸುಮಾರು ಅರ್ಧ ಗಂಟೆ ಸಾಗಿದರೆ ವೇಬ್ರಿಜ್ ಎಂಬ ಊರು ದೊರೆಯುತ್ತದೆ. ಊರಿನ ಹೊರವಲಯದಲ್ಲಿ, ಮರಗಳ ನಡುವೆ, ಬಾಣಲೆಯ ಅಂಚಿನಂತೆ ಮೇಲಕ್ಕೆ ಬಾಗಿದ ಕಾಂಕ್ರೀಟಿನ ಮಹಾಭಿತ್ತಿಯೊಂದು ನಿಂತಿದೆ. ಬಿರುಕುಗಳಲ್ಲಿ ಹುಲ್ಲು, ಮೈಮೇಲೆ ಪಾಚಿ. ಅರಿಯದವನು ಇದನ್ನು ಯಾವುದೋ ಒಡೆದ ಅಣೆಕಟ್ಟೆಂದು ಬಗೆದಾನು. ನಿಜಕ್ಕೂ ಇದೊಂದು ರಸ್ತೆ. ಮೋಟಾರು ಪಂದ್ಯಕ್ಕೆಂದೇ ಜಗತ್ತಿನಲ್ಲಿ ಮೊದಲು ಕಟ್ಟಿದ ಬ್ರೂಕ್‌ಲ್ಯಾಂಡ್ಸ್ ಹಾದಿಯ ಅವಶೇಷ.

1903ರ ಕಾನೂನಿನಂತೆ ಇಂಗ್ಲೆಂಡಿನ ರಸ್ತೆಗಳಲ್ಲಿ ಗಂಟೆಗೆ 20 ಮೈಲಿಗಿಂತ ವೇಗವಾಗಿ ಮೋಟಾರು ಓಡಿಸುವಂತಿರಲಿಲ್ಲ. ವೇಗವನ್ನು ಪರೀಕ್ಷಿಸಲು ಎಡೆಯಿಲ್ಲದಿದ್ದರೆ ಮೋಟಾರು ಕಟ್ಟುವ ವಿದ್ಯೆ ಬೆಳೆಯುವುದೆಂತು? ಹ್ಯೂ ಲಾಕ್ ಕಿಂಗ್ ಎಂಬ ಜಮೀನುದಾರನು ತನ್ನ ಸ್ವಂತ ನೆಲದಲ್ಲಿ, ಸ್ವಂತ ಹಣದಿಂದ, 2¾ ಮೈಲಿ ಸುತ್ತಳತೆಯ, 100 ಅಡಿ ಅಗಲದ ಈ ಹಾದಿಯನ್ನು ಕಟ್ಟಿಸಿ 1907ರ ಜೂನ್ 17ರಂದು ತೆರೆದನು. ತಿರುವುಗಳಲ್ಲಿ ಹೊರ ಅಂಚು ಸುಮಾರು 30 ಅಡಿ ಮೇಲೇಳುತ್ತದೆ. ಈ ಸಾಹಸದಲ್ಲಿ ಆತನ ಐಶ್ವರ್ಯ ಬಹುಮಟ್ಟಿಗೆ ಕರಗಿತು.

ನಾವು ಹೋದಾಗ ವೃದ್ಧ ಸ್ವಯಂಸೇವಕರೊಬ್ಬರು, “ಹತ್ತಿ ನೋಡಿ, ಅರ್ಧದಿಂದ ಮೇಲೆ ಕಾಲು ನಿಲ್ಲುವುದಿಲ್ಲ” ಎಂದು ನಕ್ಕರು. ಅವರ ಮಾತು ಸುಳ್ಳಾಗಲಿಲ್ಲ. ಎರಡು ಕಾಲಿಗೆ ನಿಲುಕದ ಈ ಇಳಿಜಾರಿನ ಮೇಲೆ ಒಂದೂವರೆ, ಎರಡು ಟನ್ನಿನ ಬಂಡಿಗಳು ಹಾಯುತ್ತಿದ್ದುವು. ಇನ್ನಷ್ಟು ಶಕ್ತಿ ಬೇಕೆಂಬ ಹಂಬಲ ಇಲ್ಲಿಗೆ ಬಂದವರನ್ನೆಲ್ಲ ಕಾಡುತ್ತಿತ್ತು.

ಶಕ್ತಿಯ ಮೂಲವು ಪೆಟ್ರೋಲೆಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಆದರೆ ಒಂದು ತೂಕ ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ಸುಮಾರು ಹದಿನೈದು ತೂಕ ಗಾಳಿ ಬೇಕು. ಪೆಟ್ರೋಲನ್ನು ಬೇಕಾದಷ್ಟು ಸುರಿಯಬಹುದು; ಗಾಳಿಯನ್ನು ಒಳಗೆ ತರುವುದೇ ಕಷ್ಟ. ಪಿಸ್ಟನ್ನು ಕೆಳಗಿಳಿದಾಗ ಸಿಲಿಂಡರು ಎಷ್ಟು ಉಸಿರನ್ನು ಎಳೆದುಕೊಳ್ಳಬಲ್ಲುದೋ ಅಷ್ಟೇ ಅದರ ಬಲ. ಆದುದರಿಂದ ಬಲವನ್ನು ಹೆಚ್ಚಿಸಬೇಕೆಂಬವನಿಗೆ ಎರಡು ದಾರಿಗಳಿವೆ. ಒಂದು, ಶ್ವಾಸಕೋಶವನ್ನೇ ದೊಡ್ಡದು ಮಾಡುವುದು, ಎಂದರೆ ಹಿರಿಯ ಎಂಜಿನ್ನನ್ನು ಕಟ್ಟುವುದು. ಇನ್ನೊಂದು, ನಮ್ಮ ಕಮ್ಮಾರನು ಕುಲುಮೆಗೆ ತಿದಿಯೊತ್ತುವಂತೆ, ಇದ್ದ ಎಂಜಿನ್ನಿಗೇ ಗಾಳಿಯನ್ನು ಒತ್ತಿ ತುಂಬುವುದು. ಈ ಯಂತ್ರದ ತಿದಿಗೆ ಸೂಪರ್‌ಚಾರ್ಜರ್ ಎಂದು ಹೆಸರು.

ಈ ಎರಡು ದಾರಿಗಳ ವಿವಾದ ಬೆಂಟ್ಲಿ ಮೋಟಾರುಗಳ ಕಥೆಯಲ್ಲಿ ಸ್ಪಷ್ಟವಾಗಿ ಮೂಡಿತು. ಅವುಗಳ ನಿರ್ಮಾಪಕನಾದ ಡಬ್ಲ್ಯು. ಓ. ಬೆಂಟ್ಲಿಯು ಹಿರಿಯ ಎಂಜಿನ್ನಿನ ಪಕ್ಷಪಾತಿ. ಬಲವಂತದ ಉಸಿರು ಎಂಜಿನ್ನಿನ ಸ್ವಭಾವವನ್ನೇ ಕೆಡಿಸುತ್ತದೆಂದು ಆತನ ನಂಬಿಕೆ. ಆತನ ಗಾಡಿಗಳನ್ನೇ ಓಡಿಸುತ್ತಿದ್ದ ಸರ್ ಹೆನ್ರಿ ಬರ್ಕಿನ್‌ನು ತಿದಿಯ ಪಕ್ಷಪಾತಿ. ಡೊರೊತಿ ಪ್ಯಾಜೆಟ್ ಎಂಬ ಸಿರಿವಂತ ಮಹಿಳೆ ಹಣವಿತ್ತಳು. ಆಮ್ಹರ್ಸ್ಟ್ ವಿಲಿಯರ್ಸ್ ಎಂಬ ಎಂಜಿನಿಯರನು 4½ ಲೀಟರಿನ ಬೆಂಟ್ಲಿಗೆ ತಿದಿಯನ್ನು ರಚಿಸಿಕೊಟ್ಟನು. ಒಂದನ್ನೊಂದು ಮುಟ್ಟದೆ ತಿರುಗುವ ಎರಡು ಉರುಳೆಗಳ ಈ ಪೆಟ್ಟಿಗೆಯನ್ನು ಎಂಜಿನ್ನೇ ನೇರವಾಗಿ ತಿರುಗಿಸುತ್ತಿತ್ತು. ರೇಡಿಯೇಟರಿನ ಮುಂದುಗಡೆ ಅದು ಗೂಳಿಯ ಮೂತಿಯಂತೆ ಚಾಚಿಕೊಂಡಿತ್ತು. ಪಂದ್ಯದ ಗಾಡಿಯ ಬಲವು ಸುಮಾರು 130 ಅಶ್ವಶಕ್ತಿಯಿಂದ ಸುಮಾರು 240ಕ್ಕೆ ಏರಿತು.

ಆದರೆ ತಿದಿಯೂದಿದ ಬೆಂಕಿ ಕುಲುಮೆಯನ್ನೂ ತಿನ್ನುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಕಾದ ಎಂಜಿನ್ನಿನ ಅಂಗಾಂಗಗಳು ಸೋಲುತ್ತವೆ. ಪೆಟ್ರೋಲಿನ ದಾಹವಂತೂ ಮಿತಿಮೀರುತ್ತದೆ. 1930ರಲ್ಲಿ ಫ್ರಾನ್ಸಿನ ಲ ಮಾನ್‌ನಲ್ಲಿ ನಡೆದ 24 ಗಂಟೆಗಳ ಪಂದ್ಯದಲ್ಲಿ ಬರ್ಕಿನ್‌ನು ಕರಾಚಿಯೋಲನ ಮರ್ಸಿಡಿಸನ್ನು ಬೆನ್ನಟ್ಟಿ ಓಡಿಸಿದುದನ್ನು ಮೋಟಾರುಪ್ರಿಯರು ಇಂದಿಗೂ ಕೊಂಡಾಡುತ್ತಾರೆ. ಆ ಮರ್ಸಿಡಿಸಿಗೂ ತಿದಿಯಿತ್ತು. ಕೊನೆಗೆ ಮರ್ಸಿಡಿಸೂ ಗುರಿ ಮುಟ್ಟಲಿಲ್ಲ, ಬರ್ಕಿನ್ನನ ಬಂಡಿಯೂ ಮುಟ್ಟಲಿಲ್ಲ. ಮೊದಲೆರಡು ಸ್ಥಾನಗಳನ್ನು ಪಡೆದುವು ತಿದಿಯಿಲ್ಲದ, 6½ ಲೀಟರಿನ ಬೆಂಟ್ಲಿಗಳು. ಅದೇ ವರ್ಷ ಪೋ ನಗರದ ಪಂದ್ಯದಲ್ಲಿ, ಹಗುರಾದ ಬುಗಾಟಿಗಳ ನಡುವೆ, ಬರ್ಕಿನ್‌ನು ಎರಡನೆಯವನಾಗಿ ಬಂದನೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು.

1931ರಲ್ಲಿ ಬೆಂಟ್ಲಿಯ ಸಂಸ್ಥೆ ಸಾಲದಲ್ಲಿ ಮುಳುಗಿ ರೋಲ್ಸ್-ರಾಯ್ಸಿನ ಪಾಲಾಯಿತು. ಬರ್ಕಿನ್‌ನು ಹಟ ಬಿಡಲಿಲ್ಲ. 1932ರ ಮಾರ್ಚಿಯಲ್ಲಿ, ತಿದಿಯುಳ್ಳ ಒಂಟಿ ಆಸನದ ಕೆಂಪು ಬೆಂಟ್ಲಿಯಲ್ಲಿ, ಇದೇ ಬ್ರೂಕ್‌ಲ್ಯಾಂಡ್ಸನ್ನು ಗಂಟೆಗೆ 137.96 ಮೈಲಿಯ ವೇಗದಲ್ಲಿ ಸುತ್ತಿ ಹೊಸ ದಾಖಲೆ ಸ್ಥಾಪಿಸಿದನು. ಮರುವರ್ಷವೇ, ತನ್ನ 36ನೆಯ ವಯಸ್ಸಿನಲ್ಲಿ, ತೀರಿಕೊಂಡನು.

ಇಲ್ಲಿನ ವಸ್ತುಸಂಗ್ರಹಾಲಯದಲ್ಲಿ ನೇಪಿಯರ್-ರೈಲ್ಟನ್ ಎಂಬ ಬೆಳ್ಳಿಬಣ್ಣದ ಬೃಹದ್ವಾಹನವಿದೆ. ಅದನ್ನು ಕಟ್ಟಿದ್ದೂ ಬ್ರೂಕ್‌ಲ್ಯಾಂಡ್ಸಿನಲ್ಲಿಯೇ. ಅದರೊಳಗಿರುವುದು ಹನ್ನೆರಡು ಸಿಲಿಂಡರುಗಳ, ಸುಮಾರು 24 ಲೀಟರಿನ ವಿಮಾನದ ಎಂಜಿನ್ನು; ತಿದಿಯ ಗೊಡವೆಯಿಲ್ಲ. 1935ರ ಅಕ್ಟೋಬರ್ 7ರಂದು ಜಾನ್ ಕಾಬ್‌ನು ಇದರಲ್ಲಿ ಗಂಟೆಗೆ 143.44 ಮೈಲಿಯ ವೇಗದಿಂದ ಹಾದಿಯನ್ನು ಸುತ್ತಿದನು. ಆ ದಾಖಲೆಯನ್ನು ಮತ್ತಾರೂ ಮುರಿಯಲಿಲ್ಲ. ಹಿರಿಯ ಶ್ವಾಸಕೋಶವೇ ಗೆದ್ದಿತು. ಬೆಂಟ್ಲಿಯ ಮಾತೇ ದಿಟವಾಯಿತೆಂದು ತೋರುತ್ತದೆ.

ಅಷ್ಟರಿಂದಲೇ ತೀರ್ಪು ಕೊಡುವಂತಿಲ್ಲ. ಸರಿಯಾಗಿ ಒಂದು ತಿಂಗಳು ಕಳೆಯುವ ಮೊದಲೇ, 1935ರ ನವೆಂಬರ್ 6ರಂದು, ಪಂದ್ಯದ ಹಾದಿಯ ಒಳಗಣ ಮೈದಾನದಿಂದ ಹಾಕರ್ ಕಂಪನಿಯ ಹೊಸ ಯುದ್ಧವಿಮಾನವೊಂದು ಮೊದಲ ಬಾರಿಗೆ ಆಕಾಶಕ್ಕೇರಿತು. ಅದೇ ಮುಂದೆ ಹರಿಕೇನ್ ಎಂದು ಹೆಸರಾದುದು. ಅದರ ಮರ್ಲಿನ್ ಎಂಜಿನ್ನಿಗೆ ತಿದಿಯಿತ್ತು. ಏಕೆಂದರೆ ಮೇಲೇರಿದಂತೆಲ್ಲ ಗಾಳಿ ತೆಳುವಾಗುತ್ತದೆ. ಸಮುದ್ರಮಟ್ಟದಿಂದ 3000 ಅಡಿ ಎತ್ತರದ ನಮ್ಮ ಬೆಂಗಳೂರಿನಲ್ಲೇ ಗಾಳಿಯ ಒತ್ತಡ ಸುಮಾರು ಹತ್ತರಲ್ಲೊಂದು ಪಾಲು ಕಡಮೆ. 18,000 ಅಡಿಯಲ್ಲಿ ಅದು ಅರ್ಧಕ್ಕಿಳಿಯುತ್ತದೆ. ಅಲ್ಲಿ ತಿದಿಯಿಲ್ಲದ ಎಂಜಿನ್ನು ಎಷ್ಟು ಹಿರಿದಾದರೂ ಏದುಸಿರು ಬಿಡಬೇಕಾದುದೇ. ನೆಲದ ಮೇಲೆ ದುರಾಸೆಯೆನಿಸಿದ್ದು ಬಾನಿನಲ್ಲಿ ಪ್ರಾಣವಾಯು. 1944ರಲ್ಲಿ ಇಂಫಾಲದ ಮೇಲೆ ಭಾರತೀಯ ವೈಮಾನಿಕರು ನಡೆಸಿದ ವಿಮಾನಗಳಲ್ಲಿ ಈ ಹರಿಕೇನ್ ಕೂಡ ಇತ್ತು.

ಮರ್ಲಿನ್ನಿಗೂ ಒಂದು ಕುಂದಿತ್ತು. ವಿಮಾನವು ಥಟ್ಟನೆ ಮೂತಿ ತಗ್ಗಿಸಿ ಧುಮುಕಿದರೆ ಕಾರ್ಬ್ಯುರೇಟರಿಗೆ ಪೆಟ್ರೋಲು ನುಗ್ಗಿ ಎಂಜಿನ್ನು ಉಸಿರುಗಟ್ಟುತ್ತಿತ್ತು. ಶತ್ರುವಿನ ಕಣ್ಣೆದುರಿಗೆ ಹೀಗಾದರೆ ಗತಿಯೇನು? ಇದಕ್ಕೆ ಮದ್ದು ಕಂಡವಳು ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಎಂಜಿನಿಯರು. ಇದೇ ಬ್ರೂಕ್‌ಲ್ಯಾಂಡ್ಸಿನಲ್ಲಿ ಗಂಟೆಗೆ ನೂರು ಮೈಲಿಗೂ ಮೀರಿ ಮೋಟಾರುಸೈಕಲ್ಲನ್ನು ಓಡಿಸಿ ಬಂಗಾರದ ನಕ್ಷತ್ರ ಪದಕ ಪಡೆದಿದ್ದವಳು. 1941ರಲ್ಲಿ ಆಕೆ ಪೆಟ್ರೋಲಿನ ಕೊಳವೆಗೆ ನಡುವೆ ತೂತುಳ್ಳ ಒಂದು ಪುಟ್ಟ ಲೋಹದ ಬಿಲ್ಲೆಯನ್ನು ತೊಡಿಸಿದಳು. ಎಂಜಿನ್ನಿಗೆ ಬೇಕಾದ ಗರಿಷ್ಠ ಪೆಟ್ರೋಲು ಎಷ್ಟೋ ಅಷ್ಟು ಮಾತ್ರ ಆ ತೂತಿನಲ್ಲಿ ಹಾಯುತ್ತಿತ್ತು. ವಿಮಾನವನ್ನು ಬಿಚ್ಚಿ ಕಾರ್ಖಾನೆಗೆ ಒಯ್ಯಬೇಕಾದ ಅಗತ್ಯವಿಲ್ಲದೆ, ದಂಡಿನ ನಿಲ್ದಾಣಗಳಲ್ಲಿಯೇ ಅದನ್ನು ಜೋಡಿಸಬಹುದಾಗಿತ್ತು. ಎಂಜಿನ್ನಿಗೆ ಇನ್ನಷ್ಟು ತುಂಬುವುದು ಹೇಗೆಂದು ಮೂವತ್ತು ವರ್ಷ ತಲೆ ಕೆಡಿಸಿಕೊಂಡ ಬಯಲಿನಿಂದ ಬಂದ ಈಕೆ, ಎಷ್ಟು ಸಾಕೆಂಬುದನ್ನು ಲೆಕ್ಕ ಹಾಕಿ ವೈಮಾನಿಕರ ಪ್ರಾಣ ಕಾಪಾಡಿದಳು.

ಬ್ರೂಕ್‌ಲ್ಯಾಂಡ್ಸಿನಲ್ಲಿ ಕೊನೆಯ ಪಂದ್ಯ ನಡೆದದ್ದು 1939ರ ಆಗಸ್ಟಿನಲ್ಲಿ. ಯುದ್ಧಕಾಲದಲ್ಲಿ ವಿಮಾನದ ಕಾರ್ಖಾನೆಗಳಿಗೆಂದು ಹಾದಿಯನ್ನು ಅಲ್ಲಲ್ಲಿ ಕಡಿದರು. ಅದು ಮತ್ತೆ ಕೂಡಲಿಲ್ಲ. ಲಂಡನ್ನಿಗೆ ಹೋಗುವ ನಮ್ಮವರು ಒಂದು ಮಧ್ಯಾಹ್ನವನ್ನು ಇದಕ್ಕೆ ಮೀಸಲಿಡಬಹುದು. ಮೊದಲು ಆ ಬೃಹದ್ವಾಹನವನ್ನು ನೋಡಿ, ಆಮೇಲೆ ಹರಿಕೇನನ್ನು ನೋಡಿ, ಕೊನೆಗೆ ಪಾಚಿ ಹಿಡಿದ ಗೋಡೆಯ ಬುಡಕ್ಕೆ ಬನ್ನಿ. ಮಕ್ಕಳು ಜೊತೆಗಿದ್ದರೆ ಅವರನ್ನು ಹತ್ತಗೊಡಿ. ಬೂಟಿನ ಅಡಿ ಮಾತ್ರ ಒರಟಾಗಿರಲಿ.