ಐದನೇ ವಲಯದ ಡಿವಿಡಿ

ಬೆಂಗಳೂರಿನ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಯಜಮಾನರೊಬ್ಬರು ಕೆ.ಆರ್. ಪುರದಲ್ಲಿದ್ದಾರೆ. ಅವರ ಮನೆಯಲ್ಲೊಂದು ಪೆಟ್ಟಿಗೆ ತುಂಬ ಡಿವಿಡಿಗಳಿವೆ. ಮೋಸರ್ ಬೇರ್ ಕಂಪನಿ 34 ರೂಪಾಯಿಗೆ ಸಿನಿಮಾ ಮಾರುತ್ತಿದ್ದ ಕಾಲದಲ್ಲಿ ಕೊಂಡವು ಕೆಲವು, ಮಗಳು ಅಮೆರಿಕದಿಂದ ತಂದುಕೊಟ್ಟವು ಕೆಲವು. ಹಳೆಯ ಕಂಪ್ಯೂಟರಿಗೆ ಉಬುಂಟು ಎಂಬ ಲಿನಕ್ಸ್ ಹಾಕಿಸಿಕೊಂಡ ಮೇಲೆ ಅವರು ಕೇಳಿದರು: "ಕನ್ನಡ ಸಿನಿಮಾ ಓಡುತ್ತೆ, ಇಂಗ್ಲಿಷ್ ಸಿನಿಮಾ ಓಡಲ್ಲ. ಯಾಕಪ್ಪಾ?"

ಅವರ ಕನ್ನಡ ಡಿಸ್ಕುಗಳಿಗೆ ಬೀಗವಿಲ್ಲ, ಇಂಗ್ಲಿಷಿನವಕ್ಕಿದೆ. ಆ ಬೀಗದ ಹೆಸರು ಸಿಎಸ್ಎಸ್, ಕೀಲಿಯ ಉದ್ದ ಬರೀ 40 ಬಿಟ್. ಪ್ಲೇಯರ್ ತಯಾರಿಸುವ ಕಂಪನಿಗಳು ದುಡ್ಡು ಕೊಟ್ಟು, ಕರಾರಿಗೆ ಸಹಿ ಹಾಕಿ ಕೀಲಿ ಪಡೆಯುತ್ತಿದ್ದವು. ಯಾವ ಒಂದು ಕಂಪನಿಯ ಆಸ್ತಿಯೂ ಅಲ್ಲದ ಲಿನಕ್ಸಿಗೆ ಸಹಿ ಹಾಕುವವರು ಯಾರು? 1999ರಲ್ಲಿ ನಾರ್ವೆಯ ಯಾನ್ ಲೆಕ್ ಯೊಹಾನ್ಸನ್ ಎಂಬ ಹುಡುಗ ಬೀಗ ಬಿಚ್ಚುವ ಡಿಸಿಎಸ್ಎಸ್ ಎಂಬ ತಂತ್ರಾಂಶವನ್ನು ಜಗತ್ತಿನ ಮುಂದಿಟ್ಟ. ಅದಕ್ಕಾಗಿ ನಾರ್ವೆಯಲ್ಲಿ ಅವನ ಮೇಲೆ ಮೊಕದ್ದಮೆ ಹೂಡಲಾಯಿತು. 2003ರಲ್ಲಿ ಕೆಳಗಿನ ನ್ಯಾಯಾಲಯವೂ ಮೇಲ್ಮನವಿ ನ್ಯಾಯಾಲಯವೂ ಅವನನ್ನು ಖುಲಾಸೆ ಮಾಡಿದವು. ಕಾಸು ಕೊಟ್ಟು ಕೊಂಡ ಸಿನಿಮಾವನ್ನು ತನ್ನ ಯಂತ್ರದಲ್ಲಿ ನೋಡಲು ಯಾರ ಅಪ್ಪಣೆಯೂ ಬೇಕಾಗಬಾರದು ಎನ್ನುವ ನನ್ನಂಥವರಿಗೆ ಅದು ದೊಡ್ಡ ತೀರ್ಪು. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು ಕೂಡ, ಹಕ್ಕು ಕದಿಯುವ ಉದ್ದೇಶದಿಂದ ಬೀಗ ಮುರಿಯುವುದನ್ನೇ ಅಪರಾಧವೆನ್ನುತ್ತದೆ.

ಯಜಮಾನರ ಯಂತ್ರಕ್ಕೆ ಬೇಕಾಗಿದ್ದದ್ದೂ ಬೀಗ ಬಿಚ್ಚುವ ಅಂಥದೇ ತಂತ್ರಾಂಶ, ವಿಎಲ್‌ಸಿ ಪ್ಲೇಯರ್ ಬಳಗದ ಲಿಬ್‌ಡಿವಿಡಿಸಿಎಸ್ಎಸ್. ಅಮೆರಿಕದ ಕಾನೂನಿನ ಭಯದಿಂದ ಉಬುಂಟು ಅದನ್ನು ತಾನೇ ಹಂಚುವುದಿಲ್ಲ. ಲಿಬ್‌ಡಿವಿಡಿ-ಪಿಕೆಜಿ ಎಂಬ ಪ್ಯಾಕೇಜ್ ಹಾಕಿ, ಅದನ್ನೇ ಮತ್ತೊಮ್ಮೆ ರೀಕಾನ್ಫಿಗರ್ ಮಾಡಿದರೆ ಮೂಲ ಕೋಡನ್ನು ತರಿಸಿ ನಮ್ಮ ಯಂತ್ರದಲ್ಲೇ ಕಟ್ಟಿಕೊಡುತ್ತದೆ. ಈ ಎರಡನೇ ಹೆಜ್ಜೆ ಬಿಟ್ಟವರೇ ಹೆಚ್ಚಾಗಿ "ಹಾಕಿದೆ, ಆದ್ರೂ ಓಡಲ್ಲ" ಅನ್ನುವವರು.

ಇಷ್ಟಾದರೂ ಮಗಳು ತಂದ ಒಂದೆರಡು ಡಿಸ್ಕು ಮೊಂಡು ಹಿಡಿದವು. ಅಲ್ಲಿ ಅಡ್ಡ ಬಂದದ್ದು ವಲಯ. ಸಿನಿಮಾ ಕಂಪನಿಗಳು ಭೂಮಿಯನ್ನು ಹಂಚಿಕೊಂಡಾಗ ಅಮೆರಿಕ 1ನೇ ವಲಯ, ನಾವು ರಷ್ಯಾ, ಮಂಗೋಲಿಯಾಗಳ ಜೊತೆ 5ನೇ ವಲಯ. ಹಲಸೂರಿನ ಲಿಡೋ ಚಿತ್ರಮಂದಿರದಲ್ಲಿ ಹಾಲಿವುಡ್ ಸಿನಿಮಾಕ್ಕೆ ಟಿಕೆಟ್ ಕೊಳ್ಳುವಾಗ ಯಾವ ಊರಿನವರೆಂದು ಯಾರೂ ಕೇಳುತ್ತಿರಲಿಲ್ಲ. ಮನೆಯ ಡ್ರೈವ್ ಮಾತ್ರ ಕೇಳುತ್ತದೆ. ಅದರ ವಲಯವನ್ನು ಐದೇ ಸಲ ಬದಲಿಸಬಹುದು. ಆಮೇಲೆ ಕೊನೆಯದೇ ಕಾಯಂ. ಇನ್ನೆಷ್ಟು ಸಲ ಉಳಿದಿದೆ ಎಂಬುದನ್ನು ರೀಜನ್‌ಸೆಟ್ ಎಂಬ ಪುಟ್ಟ ತಂತ್ರಾಂಶ ಹೇಳುತ್ತದೆ.

ಹಾಗಾಗಿ ಶಿವಾಜಿನಗರದಲ್ಲೋ ಎಸ್.ಪಿ. ರಸ್ತೆಯಲ್ಲೋ ಹಳೆಯ ಡ್ರೈವ್ ಕೊಳ್ಳುವವರು ಮನೆಗೆ ತಂದೊಡನೆ ಮೊದಲು ಆ ಲೆಕ್ಕ ನೋಡಿಕೊಳ್ಳಿ. ಡಿಸ್ಕುಗಳನ್ನಂತೂ ಗುಜರಿಗೆ ಹಾಕಬೇಡಿ. ಅವುಗಳಲ್ಲಿರುವ ಎಷ್ಟೋ ಸಿನಿಮಾ ಇಂದಿನ ಯಾವ ಓಟಿಟಿಯಲ್ಲೂ ಸಿಗುವುದಿಲ್ಲ.