ಎರಡು ಧ್ವಜಗಳ ಅಂಗಿ

2016ನೆಯ ಇಸವಿ, ಜೂನ್ ತಿಂಗಳ 11ನೆಯ ದಿನ. ಉತ್ತರ ಫ್ರಾನ್ಸಿನ ಲಾನ್ಸ್ ಎಂಬುದು ಒಂದು ಕಾಲಕ್ಕೆ ಕಲ್ಲಿದ್ದಲ ಗಣಿಗಳನ್ನೇ ನಂಬಿ ಬಾಳಿದ ಪಟ್ಟಣ. ಅಲ್ಲಿಯ ಕ್ರೀಡಾಂಗಣದಲ್ಲಿ ಆ ಮಧ್ಯಾಹ್ನ ಯುರೋಪಿನ ಕಾಲ್ಚೆಂಡು ಚಾಂಪಿಯನ್‌ಷಿಪ್ಪಿನ ಪಂದ್ಯವೊಂದು ನಡೆಯುವುದಿತ್ತು. ಒಂದು ಪಕ್ಷ ಸ್ವಿಟ್ಜರ್ಲೆಂಡ್. ಎದುರು ಪಕ್ಷ ಅಲ್ಬೇನಿಯಾ. ಎರಡು ದೇಶಗಳ ಧ್ವಜವೂ ಕೆಂಪೇ. ಒಂದರ ಮೇಲೆ ಬಿಳಿಯ ಶಿಲುಬೆ, ಇನ್ನೊಂದರ ಮೇಲೆ ಎರಡು ತಲೆಗಳ ಕರಿಯ ಹದ್ದು. ಪ್ರೇಕ್ಷಕರ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹೆಂಗಸು ಈ ಎರಡು ಧ್ವಜಗಳನ್ನೂ ಅರ್ಧರ್ಧ ಸೇರಿಸಿದ ಅಂಗಿಯನ್ನು ತೊಟ್ಟಿದ್ದಳು. ಎದೆಯ ಒಂದು ಭಾಗದಲ್ಲಿ ಶಿಲುಬೆ, ಇನ್ನೊಂದು ಭಾಗದಲ್ಲಿ ಹದ್ದು. ಆಕೆಯ ಹಿರಿಯ ಮಗ ತೌಲಾಂತ್ ಜಾಕಾ ಅಲ್ಬೇನಿಯಾದ ಪರವಾಗಿ, ಕಿರಿಯ ಮಗ ಗ್ರಾನಿತ್ ಜಾಕಾ ಸ್ವಿಟ್ಜರ್ಲೆಂಡಿನ ಪರವಾಗಿ ಅಂದು ಕಣಕ್ಕಿಳಿದಿದ್ದರು. ಆ ಚಾಂಪಿಯನ್‌ಷಿಪ್ಪಿನ ಚರಿತ್ರೆಯಲ್ಲಿ ಒಡಹುಟ್ಟಿದವರು ಎದುರುಬದುರಾಗಿ ನಿಂತುದು ಅದೇ ಮೊದಲು.

ಮಹಾಭಾರತವನ್ನು ಬಲ್ಲವರಿಗೆ ಇಂಥ ದೃಶ್ಯ ತೀರ ಹೊಸತಲ್ಲ. ಹಸ್ತಿನಾವತಿಯ ರಂಗಸ್ಥಳದಲ್ಲಿ ಕರ್ಣಾರ್ಜುನರು ಪರಸ್ಪರ ಎದುರಾಗಿ ನಿಂತಾಗ ಕುಂತಿ ಮೂರ್ಛೆ ಹೋದಳಂತೆ. ಆದರೆ ಎರಡು ಪ್ರಸಂಗಗಳಿಗೂ ಒಂದು ದೊಡ್ಡ ವ್ಯತ್ಯಾಸವುಂಟು. ಕುಂತಿ ಒಬ್ಬ ಮಗನನ್ನು ಲೋಕದ ಕಣ್ಣಿನಿಂದ ಮರೆಮಾಡಬೇಕಾಗಿತ್ತು. ಲಾನ್ಸಿನ ಈ ತಾಯಿ ಇಬ್ಬರನ್ನೂ ಎದೆಯ ಮೇಲೆ ಬರೆದುಕೊಂಡು ಬಂದಿದ್ದಳು. ಆಕೆಗೆ ಸಾಧ್ಯವಾದ ಈ ಮಾತು ಆಕೆಯ ಮಕ್ಕಳಿಗೆ ಸಾಧ್ಯವಿರಲಿಲ್ಲ. ಆಟಗಾರನಿಗೆ ಒಂದೇ ಅಂಗಿ. ಅದಕ್ಕೆ ಒಂದೇ ಧ್ವಜ.

ಈ ಕಥೆಯ ಬೇರು ಇರುವುದು ಲಾನ್ಸಿನಲ್ಲಿ ಅಲ್ಲ, ಸ್ವಿಟ್ಜರ್ಲೆಂಡಿನಲ್ಲಿಯೂ ಅಲ್ಲ. ಅಂದಿನ ಯುಗೊಸ್ಲಾವಿಯಾದ ಕೊಸೊವೊ ಪ್ರಾಂತದಲ್ಲಿ. ಅಲ್ಲಿಯ ಜನರಲ್ಲಿ ಬಹುಮಂದಿ ಅಲ್ಬೇನಿಯನ್ ಭಾಷೆಯವರು; ಆಳುವ ಸರ್ಕಾರ ಬೆಲ್‌ಗ್ರೇಡಿನಲ್ಲಿ. 1986ರಲ್ಲಿ ಈ ಹುಡುಗರ ತಂದೆ ಪ್ರಿಸ್ಟಿನಾ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ತರುಣ. ಸರ್ಕಾರವನ್ನು ವಿರೋಧಿಸಿ ನಡೆದ ಪ್ರದರ್ಶನದಲ್ಲಿ ಭಾಗವಹಿಸಿದ ತಪ್ಪಿಗೆ ಆತನನ್ನು ಸೆರೆಮನೆಗೆ ತಳ್ಳಲಾಯಿತು. ಮೂರೂವರೆ ವರ್ಷ ಆತ ರಾಜಕೀಯ ಕೈದಿಯಾಗಿ ಕಳೆದನು. ಮುಂದೆ ಈ ಮಕ್ಕಳ ತಾಯಿಯಾಗಲಿದ್ದವಳು ಅಷ್ಟು ಕಾಲವೂ ಆತನಿಗಾಗಿ ಕಾದಳು. ಬಿಡುಗಡೆಯ ಬಳಿಕ, 1990ರಲ್ಲಿ, ಇಬ್ಬರೂ ಊರು ಬಿಟ್ಟು ಬಾಸೆಲ್ ನಗರವನ್ನು ಸೇರಿದರು.

ರೈನ್ ನದಿಯ ದಂಡೆಯ ಮೇಲಿರುವ ಬಾಸೆಲ್ ಮೂರು ದೇಶಗಳು ಕೂಡುವ ಮೂಲೆ. ಸ್ವಿಟ್ಜರ್ಲೆಂಡ್, ಜರ್ಮನಿ, ಫ್ರಾನ್ಸ್‌ಗಳ ಗಡಿಗಳು ಅಲ್ಲಿ ಒಂದನ್ನೊಂದು ಮುಟ್ಟುತ್ತವೆ. ಗಡಿಗಳನ್ನು ದಾಟಿ ಬಂದವರಿಗೆ ತಕ್ಕ ಊರೇ ಸರಿ. ಅಲ್ಲಿ 1991ರ ಮಾರ್ಚಿನಲ್ಲಿ ತೌಲಾಂತ್, 1992ರ ಸೆಪ್ಟೆಂಬರಿನಲ್ಲಿ ಗ್ರಾನಿತ್ ಹುಟ್ಟಿದರು. ಅಪ್ಪ ಅಮ್ಮ ಇಬ್ಬರೂ ದುಡಿಯಬೇಕಾದ ಮನೆ. ಮನೆಯ ಬೀಗದ ಕೈಯನ್ನು ತಂದೆತಾಯಿ ಹಿರಿಯನಿಗೆ ಕೊಡದೆ ಕಿರಿಯನಾದ ತನ್ನ ಕೈಗೆ ಕೊಡುತ್ತಿದ್ದರೆಂದು ಗ್ರಾನಿತ್ ಸಂದರ್ಶನವೊಂದರಲ್ಲಿ ನೆನೆದುಕೊಂಡಿದ್ದಾನೆ. ಹೊಣೆಯನ್ನು ಹೊರುವ ಅಭ್ಯಾಸ ಆತನಿಗೆ ಆ ಚಿಕ್ಕ ಬೀಗದ ಕೈಯಿಂದಲೇ ಬಂದಿರಬೇಕು.

ಹುಡುಗರಿಬ್ಬರೂ ಮೊದಲು ಊರಿನ ಕಾನ್‌ಕಾರ್ಡಿಯಾ ಸಂಘದಲ್ಲಿ, ಆಮೇಲೆ ಬಾಸೆಲ್ ಸಂಘದಲ್ಲಿ ಪಳಗಿದರು. ಇಬ್ಬರೂ ಆರಿಸಿಕೊಂಡುದು ಮೈದಾನದ ನಟ್ಟನಡುವಿನ ಸ್ಥಾನವನ್ನು. ಈ ಸ್ಥಾನದ ಆಟಗಾರನ ಕೆಲಸ ಸಾಮಾನ್ಯ ಪ್ರೇಕ್ಷಕನ ಕಣ್ಣಿಗೆ ಬೇಗ ಬೀಳುವುದಿಲ್ಲ. ಗೋಲು ಹೊಡೆದವನ ಹೆಸರು ಮನೆಮಾತಾಗುತ್ತದೆ. ಗೋಲನ್ನು ತಡೆದವನಿಗೂ ಒಂದು ಹೆಸರುಂಟು. ನಡುವಿನವನಾದರೋ ಹಿಂದಿನಿಂದ ಬಂದುದನ್ನು ಮುಂದಕ್ಕೆ ದಾಟಿಸಬೇಕು, ಎದುರಾಳಿಯ ಓಟವನ್ನು ಮುರಿಯಬೇಕು, ಎರಡು ತುದಿಗಳನ್ನೂ ಏಕಕಾಲದಲ್ಲಿ ನೋಡುತ್ತಿರಬೇಕು. ಎರಡು ದಿಕ್ಕಿನಿಂದಲೂ ಆತನನ್ನು ಕರೆಯುವವರಿದ್ದಾರೆ. ಸೋತಾಗ ಎರಡು ದಿಕ್ಕಿನಿಂದಲೂ ಬೈಯುವವರಿದ್ದಾರೆ. ಗ್ರಾನಿತನ ಬಾಳೂ ಅಂಥದೇ ಆಯಿತು.

2009ರಲ್ಲಿ ನೈಜೀರಿಯಾದಲ್ಲಿ ನಡೆದ ಹದಿನೇಳು ವರ್ಷದೊಳಗಿನವರ ವಿಶ್ವಕಪ್ಪನ್ನು ಸ್ವಿಟ್ಜರ್ಲೆಂಡ್ ಗೆದ್ದಿತು. ಆ ತಂಡದಲ್ಲಿ ಗ್ರಾನಿತ್ ಇದ್ದನು. 2011ರ ಜೂನಿನಲ್ಲಿ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಇಂಗ್ಲೆಂಡಿನ ಎದುರು ಆತ ಹಿರಿಯರ ರಾಷ್ಟ್ರೀಯ ತಂಡಕ್ಕೆ ಕಾಲಿರಿಸಿದಾಗ ಹದಿನೆಂಟು ತುಂಬಿ ಕೆಲವೇ ತಿಂಗಳು. ತೌಲಾಂತನೂ ಬಾಲ್ಯದಲ್ಲಿ ಸ್ವಿಸ್ ಕಿರಿಯರ ತಂಡಗಳಲ್ಲಿ ಆಡಿದವನೇ. ಆದರೆ ಕಿರಿಯರ ತಂಡದಲ್ಲಿ ಆಡಿದ ಮಾತ್ರಕ್ಕೆ ಆಟಗಾರ ಒಂದು ದೇಶಕ್ಕೆ ಕಟ್ಟುಬೀಳುವುದಿಲ್ಲ. 2014ರಿಂದ ಆತ ಪೂರ್ವಿಕರ ಭಾಷೆಯನ್ನಾಡುವ ಅಲ್ಬೇನಿಯಾದ ಪರವಾಗಿ ಆಡತೊಡಗಿದನು.

ತಂದೆತಾಯಿಯರ ನಾಡಾದ ಕೊಸೊವೊದ ಪರವಾಗಿ ಇವರು ಏಕೆ ಆಡಲಿಲ್ಲವೆಂದು ಓದುಗರು ಕೇಳಬಹುದು. ಇವರು ಆರಿಸಿಕೊಳ್ಳಬೇಕಾಗಿ ಬಂದ ಕಾಲಕ್ಕೆ ಅಂಥದೊಂದು ತಂಡಕ್ಕೆ ಮಾನ್ಯತೆಯೇ ಇರಲಿಲ್ಲ. ಕೊಸೊವೊ ಸ್ವಾತಂತ್ರ್ಯವನ್ನು ಘೋಷಿಸಿದುದು 2008ರಲ್ಲಿ. ಕಾಲ್ಚೆಂಡಿನ ಅಂತರರಾಷ್ಟ್ರೀಯ ಸಂಸ್ಥೆಗಳು ಅದನ್ನು ಸೇರಿಸಿಕೊಂಡುದು 2016ರ ಮೇ ತಿಂಗಳಲ್ಲಿ. ಲಾನ್ಸಿನ ಪಂದ್ಯಕ್ಕೆ ಆಗ ಒಂದು ತಿಂಗಳೂ ಉಳಿದಿರಲಿಲ್ಲ. ಹೀಗೆ ತಾಯಿಯ ಅಂಗಿಯ ಮೇಲೆ ಇದ್ದುದು ಎರಡು ಧ್ವಜಗಳಾದರೂ ಆ ಅಂಗಿಯ ಒಳಗಿದ್ದ ಹೃದಯಕ್ಕೆ ಮೂರನೆಯದೂ ಒಂದು ನಾಡಿತ್ತು.

ಪಂದ್ಯಕ್ಕೆ ಬರೋಣ. ಐದನೆಯ ನಿಮಿಷದಲ್ಲಿಯೇ ಸ್ವಿಟ್ಜರ್ಲೆಂಡಿನ ಫಾಬಿಯಾನ್ ಷೇರ್ ತಲೆಯಿಂದ ಹೊಡೆದ ಚೆಂಡು ಗೋಲಾಯಿತು. ಅಲ್ಬೇನಿಯಾ ಅಂಥ ದೊಡ್ಡ ಕೂಟಕ್ಕೆ ಬಂದುದು ಅದೇ ಮೊದಲ ಸಲ. ಅದರ ನಾಯಕ ಲೋರಿಕ್ ಸಾನಾ ಮೊದಲರ್ಧದಲ್ಲಿಯೇ ಕೆಂಪು ಚೀಟಿ ಪಡೆದು ಹೊರನಡೆದನು. ಉಳಿದ ಹತ್ತು ಮಂದಿ ಎದೆಗುಂದದೆ ಹೋರಾಡಿದರು. ಅರುವತ್ತು ನಿಮಿಷ ಕಳೆದ ಸ್ವಲ್ಪ ಹೊತ್ತಿನಲ್ಲಿ ತೌಲಾಂತನನ್ನು ಹಿಂದಕ್ಕೆ ಕರೆಸಲಾಯಿತು. ಆತ ಅಸಮಾಧಾನವನ್ನು ಅಡಗಿಸಲಾರದೆ ಹೊರಗೆ ಬಂದನು. ಆಟ ಮುಗಿದಾಗ ಫಲ 1–0. ತಮ್ಮ ಗೆದ್ದ, ಅಣ್ಣ ಸೋತ. ತಾಯಿಯ ಅಂಗಿಯ ಅರ್ಧ ಗೆದ್ದು ಅರ್ಧ ಸೋತಿತು. ಯಾವ ಅರ್ಧ ಹೆಚ್ಚು ಭಾರವಾಗಿದ್ದಿತೆಂಬುದನ್ನು ಹೆತ್ತವಳಿಗೆ ಬಿಟ್ಟರೆ ಬೇರೆ ಯಾರು ತಾನೆ ತೂಗಿ ಹೇಳಬಲ್ಲರು?

ಎರಡು ವಾರಗಳಲ್ಲಿ ತಮ್ಮನ ಸರದಿಯೂ ಬಂತು. ಪೋಲೆಂಡಿನ ಎದುರಿನ ಪಂದ್ಯ ಸಮನಾಗಿ ಪೆನಾಲ್ಟಿಗಳಿಗೆ ಹೋದಾಗ, ಎರಡು ಪಕ್ಷಗಳಲ್ಲಿಯೂ ಗುರಿ ತಪ್ಪಿದವನು ಗ್ರಾನಿತ್ ಒಬ್ಬನೇ. ಸ್ವಿಟ್ಜರ್ಲೆಂಡ್ ಮನೆಗೆ ಮರಳಿತು.

ಎರಡು ವರ್ಷಗಳ ತರುವಾಯ, 2018ರ ಜೂನ್ 22ರಂದು, ರಷ್ಯಾದ ಕಲಿನಿನ್‌ಗ್ರಾಡಿನಲ್ಲಿ ವಿಶ್ವಕಪ್ಪಿನ ಪಂದ್ಯ. ಎದುರಾಳಿ ಸೆರ್ಬಿಯಾ. ತಂದೆಯನ್ನು ಸೆರೆಗೆ ತಳ್ಳಿದ ಆಳ್ವಿಕೆಯ ರಾಜಧಾನಿಯೇ ಈಗ ಈ ಎದುರಾಳಿಯ ರಾಜಧಾನಿ. ಸೆರ್ಬಿಯಾ ಮೊದಲು ಗೋಲು ಪಡೆಯಿತು. ಐವತ್ತೆರಡನೆಯ ನಿಮಿಷದಲ್ಲಿ ಗ್ರಾನಿತ್ ದೂರದಿಂದ ಎಡಗಾಲಿನಲ್ಲಿ ಬೀಸಿದ ಚೆಂಡು ಬಲೆಯನ್ನು ಹೊಕ್ಕಿತು. ಆಗ ಆತ ಎರಡು ಅಂಗೈಗಳನ್ನೂ ಎದೆಯ ಬಳಿ ಅಡ್ಡಡ್ಡಲಾಗಿ ಜೋಡಿಸಿ, ಬೆರಳುಗಳನ್ನು ರೆಕ್ಕೆಯಂತೆ ಹರಡಿದನು. ಅದು ಅಲ್ಬೇನಿಯಾದ ಧ್ವಜದ ಎರಡು ತಲೆಯ ಹದ್ದಿನ ಮುದ್ರೆ. ಮೈಸೂರಿನ ಗಂಡಭೇರುಂಡವನ್ನು ಕಂಡವರಿಗೆ ಆ ರೂಪವನ್ನು ವಿವರಿಸಬೇಕಾಗಿಲ್ಲ. ಕೊನೆಯ ಗಳಿಗೆಯಲ್ಲಿ, ಕೊಸೊವೊದಲ್ಲಿಯೇ ಹುಟ್ಟಿದ ಷೆರ್ದಾನ್ ಷಕೀರಿ ಎರಡನೆಯ ಗೋಲನ್ನು ಹೊಡೆದು ಅದೇ ಮುದ್ರೆಯನ್ನು ತೋರಿದನು.

ಗೆಲುವಿನ ಸಂತೋಷಕ್ಕಿಂತ ಮುದ್ರೆಯ ಗದ್ದಲವೇ ದೊಡ್ಡದಾಯಿತು. ವಿಶ್ವಸಂಸ್ಥೆಯಾದ ಫೀಫಾ ಇಬ್ಬರಿಗೂ ತಲಾ 10,000 ಸ್ವಿಸ್ ಫ್ರಾಂಕ್ ದಂಡ ವಿಧಿಸಿತು. ತಂಡದ ನಾಯಕ ಸ್ಟೀಫನ್ ಲಿಷ್ಟ್‌ಸ್ಟೈನರ್ ಅಲ್ಬೇನಿಯನ್ ಮೂಲದವನಲ್ಲ. ಸಂಗಾತಿಗಳ ಜೊತೆಗೆ ಅದೇ ಮುದ್ರೆಯನ್ನು ತೋರಿದ್ದಕ್ಕಾಗಿ ಆತನೂ 5,000 ಫ್ರಾಂಕ್ ತೆತ್ತನು. ಸ್ವಿಟ್ಜರ್ಲೆಂಡಿನ ಒಳಗೂ ಚರ್ಚೆ ಕಾವೇರಿತು. ಎರಡು ಪೌರತ್ವವುಳ್ಳ ಹುಡುಗರನ್ನು ನಮ್ಮ ಹಣದಿಂದ ತರಬೇತುಗೊಳಿಸುವುದು ಉಚಿತವೇ ಎಂಬ ಪ್ರಶ್ನೆ ಕಾಲ್ಚೆಂಡು ಸಂಘದ ಒಳಗಿನಿಂದಲೇ ಎದ್ದಿತು. ಕೆಂಪಂಗಿ ತೊಟ್ಟು ದೇಶಕ್ಕೆ ಗೋಲು ತಂದುಕೊಟ್ಟವನನ್ನು ಅದೇ ಗಳಿಗೆಯಲ್ಲಿ ದೇಶ ಕೇಳಿತು: ನೀನು ಯಾರವನು?

ಆತ ತಪ್ಪು ಮಾಡಲಿಲ್ಲವೆಂದು ವಾದಿಸುವವರೂ ಉಂಟು, ಮಾಡಿದನೆನ್ನುವವರೂ ಉಂಟು. ಮೈದಾನದಲ್ಲಿ ಹಳೆಯ ಗಾಯಗಳನ್ನು ಕೆದಕಬಾರದೆಂಬುದು ನ್ಯಾಯವಾದ ಮಾತೇ. ಸೆರ್ಬಿಯಾದ ಪ್ರೇಕ್ಷಕನಿಗೂ ಮನಸ್ಸುಂಟು. ಆದರೆ ಸೆರೆಮನೆಯ ಮೂರೂವರೆ ವರ್ಷಗಳ ನೆನಪು ಒಂದು ಮನೆಯ ಊಟದ ಮೇಜಿನ ಸುತ್ತ ಬೆಳೆದಿರುವಾಗ, ಗೋಲಿನ ಮರುಕ್ಷಣದಲ್ಲಿ ಕೈಗಳು ವಿವೇಚನೆಯನ್ನು ಕಾಯುತ್ತವೆಯೇ? ಕಾಲು ಸ್ವಿಟ್ಜರ್ಲೆಂಡಿಗಾಗಿ ಆಡಿತು. ಕೈ ತಂದೆಗಾಗಿ ಮಾತನಾಡಿತು. ಎರಡರಲ್ಲಿ ಯಾವುದೂ ಸುಳ್ಳಾಗಿರಲಿಲ್ಲ.

ವೃತ್ತಿಜೀವನದಲ್ಲಿಯೂ ಆತ ಹೊಗಳಿಕೆಗಿಂತ ಬೈಗುಳನ್ನೇ ಹೆಚ್ಚು ಉಂಡವನು. ಬಾಸೆಲ್‌ನಿಂದ ಜರ್ಮನಿಯ ಮೋನ್ಷೆನ್‌ಗ್ಲಾಡ್‌ಬಾಖ್ ಸಂಘಕ್ಕೆ, ಅಲ್ಲಿಂದ 2016ರಲ್ಲಿ ಲಂಡನ್ನಿನ ಆರ್ಸೆನಲ್‌ಗೆ ಹೋದನು. 2019ರಲ್ಲಿ ನಾಯಕತ್ವ ದೊರೆಯಿತು. ಕೆಲವೇ ವಾರಗಳಲ್ಲಿ, ಅಕ್ಟೋಬರ್ 27ರಂದು, ಪಂದ್ಯದ ನಡುವೆ ಆತನನ್ನು ಹೊರಗೆ ಕರೆದಾಗ ಸ್ವಂತ ಅಭಿಮಾನಿಗಳೇ ಕೂಗಿ ಅಣಕಿಸಿದರು. ಆತನೂ ಸಿಟ್ಟಿನಿಂದ ಕೈ ಬೀಸಿ, ಅಂಗಿಯನ್ನು ಕಳಚಿ ಒಳಗೆ ನಡೆದನು. ನಾಯಕತ್ವ ಹೋಯಿತು. ಇನ್ನೊಬ್ಬನಾಗಿದ್ದರೆ ಊರನ್ನೇ ಬಿಡುತ್ತಿದ್ದನು. ಈತ ಕಳಚಿದ ಅಂಗಿಯನ್ನೇ ಮತ್ತೆ ತೊಟ್ಟು ಇನ್ನೂ ಮೂರೂವರೆ ವರ್ಷ ಆಡಿದನು; ಹೋಗುವ ಹೊತ್ತಿಗೆ ಅದೇ ಅಭಿಮಾನಿಗಳು ಆತನ ಹೆಸರಿನಲ್ಲಿ ಹಾಡು ಕಟ್ಟಿ ಹಾಡಿದರು. 2023ರಲ್ಲಿ ಲೆವರ್ಕುಸೆನ್ ಸಂಘವನ್ನು ಸೇರಿದನು. ಮರುವರ್ಷ ಆ ಸಂಘ 34 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಮೊತ್ತಮೊದಲ ಬಾರಿಗೆ ಜರ್ಮನಿಯ ಲೀಗ್ ಪ್ರಶಸ್ತಿಯನ್ನು ಗೆದ್ದಿತು. ಜರ್ಮನ್ ಕಪ್ಪಿನ ಅಂತಿಮ ಪಂದ್ಯದ ಏಕೈಕ ಗೋಲು ಈ ನಡುವಿನ ಆಟಗಾರನದೇ. 2025ರಲ್ಲಿ ಆತ ಇಂಗ್ಲೆಂಡಿಗೆ ಮರಳಿ ಸಂಡರ್‌ಲ್ಯಾಂಡ್ ಸಂಘದ ನಾಯಕನಾದನು.

ನೀನು ಯಾರವನೆಂದು ಕೇಳಿದ್ದ ದೇಶಕ್ಕೆ ಆತ ಕೊಟ್ಟ ಉತ್ತರ ಮಾತಿನದಲ್ಲ. 2021ರ ಜೂನಿನಲ್ಲಿ, ಬುಕಾರೆಸ್ಟಿನಲ್ಲಿ, ವಿಶ್ವವಿಜೇತ ಫ್ರಾನ್ಸಿನ ಎದುರು ಸ್ವಿಟ್ಜರ್ಲೆಂಡ್ 1–3ರ ಹಿನ್ನಡೆಯಿಂದ ಎದ್ದು 3–3 ಮಾಡಿ, ಪೆನಾಲ್ಟಿಗಳಲ್ಲಿ ಗೆದ್ದಿತು. ಆ ಸಂಜೆ ತಂಡದ ನಾಯಕ ಗ್ರಾನಿತ್. 2023ರಲ್ಲಿ ಆತ ಹೈಂಟ್ಸ್ ಹೆರ್ಮನ್ನನ 118 ಪಂದ್ಯಗಳ ದಾಖಲೆಯನ್ನು ಮೀರಿದನು. ಸ್ವಿಟ್ಜರ್ಲೆಂಡಿನ ಪರವಾಗಿ ಅಷ್ಟು ಸಲ ಆ ಕೆಂಪಂಗಿಯನ್ನು ತೊಟ್ಟವರು ಅಲ್ಲಿಯವರೆಗೆ ಬೇರೆ ಯಾರೂ ಇರಲಿಲ್ಲ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಿಧಿ ಇನ್ನೊಂದು ವಿಚಿತ್ರವನ್ನು ಒಡ್ಡಿತು. ಸ್ವಿಸ್ ತಂಡ ಆಡಬೇಕಾದುದು ಪ್ರಿಸ್ಟಿನಾದಲ್ಲಿ, ಎದುರಾಳಿ ಕೊಸೊವೊ. ತಂದೆ ವಿದ್ಯಾರ್ಥಿಯಾಗಿ ಘೋಷಣೆ ಕೂಗಿದ್ದ ನಗರಕ್ಕೆ, ಆತ ಸೆರೆಗೆ ಹೋದ ಮೂವತ್ತೇಳು ವರ್ಷಗಳ ಮೇಲೆ, ಮಗ ಪರದೇಶದ ನಾಯಕನಾಗಿ ಬಂದನು. ಪಂದ್ಯದ ಕೊನೆಯ ನಿಮಿಷಗಳಲ್ಲಿ ಕೊಸೊವೊ ಗೋಲು ಗಳಿಸಿ 2–2 ಮಾಡಿತು. ಪ್ರಿಸ್ಟಿನಾ ಹರ್ಷದಿಂದ ಕುಣಿಯಿತು. ಗ್ರಾನಿತನೋ, ತನ್ನ ತಂಡದ ಅಭ್ಯಾಸವೇ ಸಾಲದಾಗಿತ್ತೆಂದು ಬಹಿರಂಗವಾಗಿ ಸಿಡುಕಿದನು. ಪೂರ್ವಿಕರ ನಾಡಿನಲ್ಲಿ ಸಮಬಲವಾಯಿತೆಂದು ಸಮಾಧಾನಪಡದೆ, ಗೆಲ್ಲಬೇಕಾದುದನ್ನು ಗೆಲ್ಲಲಿಲ್ಲವೆಂದು ಕೆರಳಿದ ಆ ಮನುಷ್ಯನಿಗಿಂತ ಹೆಚ್ಚಿನ ಸ್ವಿಸ್ ನಾಯಕನನ್ನು ಎಲ್ಲಿ ಹುಡುಕುವುದು?

ಕಲಿನಿನ್‌ಗ್ರಾಡಿನಲ್ಲಿ ಹದ್ದನ್ನು ಹಾರಿಸಿದವನೂ ಪ್ರಿಸ್ಟಿನಾದಲ್ಲಿ ಸಿಡುಕಿದವನೂ ಒಬ್ಬನೇ. ಒಂದನ್ನು ಆರಿಸು, ಇನ್ನೊಂದನ್ನು ಬಿಡು ಎನ್ನುವವರಿಗೆ ಇದು ಒಗಟು. ಲಾನ್ಸಿನಲ್ಲಿ ಕುಳಿತಿದ್ದ ತಾಯಿಗೆ ಮಾತ್ರ ಇದು ಎಂದೂ ಒಗಟಾಗಿ ಕಂಡಿರಲಾರದು. ಎರಡು ಧ್ವಜಗಳನ್ನು ಸೇರಿಸಿ ಹೊಲಿದ ಅಂಗಿಯೊಂದನ್ನು ಆಕೆ ಅಂದೇ ತೊಟ್ಟು ಬಂದಿದ್ದಳು.