ಬಾನೆಟ್ಟಿನ ಸಂದು

ಮನೆಯ ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂಡದೆ ಹೋದಾಗ ನಮ್ಮಂತಹ ಗೃಹಸ್ಥರು ಮಾಡುವ ಮೊದಲನೆಯ ಉಪಾಯವೆಂದರೆ ಅದನ್ನು ಇನ್ನಷ್ಟು ಬಲವಾಗಿ ಬಡಿಯುವುದು. ಬಡಿದ ಬಾಗಿಲು ಒಂದೆರಡು ದಿನ ಕೂಡಿಕೊಂಡಂತೆಯೂ ತೋರುತ್ತದೆ. ಆ ಬಳಿಕ ಕೀಲಿನ ಮೊಳೆ ಸಡಿಲುತ್ತದೆ, ಚೌಕಟ್ಟು ಬಿರಿಯುತ್ತದೆ; ಆಗ ಬಡಗಿಯನ್ನು ಕರೆಯುತ್ತೇವೆ, ಮರ ಹಸಿಯದಾಗಿತ್ತೆಂದು ಅವನೊಡನೆ ವಾದಿಸುತ್ತೇವೆ. ನಾನೂ ಬಹುಕಾಲ ಇದೇ ಮತದವನಾಗಿದ್ದೆನು. ಈ ಮತವನ್ನು ಬಿಟ್ಟುದು ಹೇಗೆಂಬುದನ್ನು ವಾಚಕರ ಮುಂದೆ ಇಡಬೇಕೆಂದಿದ್ದೇನೆ. ವಿಷಯ ಘನವಾದುದೇನೂ ಅಲ್ಲ. ಹಳೆಯ ಪಿಕಪ್ ಗಾಡಿಯೊಂದರ ಬಾನೆಟ್ಟು. ಆದರೆ ಅದರ ಕೆಳಗೆ ನಮ್ಮ ಮನೆಯ ಒಂದು ಸಂಗತಿಯೂ ಅಡಗಿದ್ದಿತು.

1988ರಲ್ಲಿ ಟೆಲ್ಕೋ ಕಂಪನಿಯವರು ಟಾಟಾಮೊಬೈಲ್ ಎಂಬ ಪಿಕಪ್ಪನ್ನು ಹೊರತಂದರು. ಬಂಡಿಗೆ ಹೆಚ್ಚಾಗಿ ಲಾರಿಗೆ ಕಡಮೆಯಾಗುವಷ್ಟು ಹೊರೆಯಿದ್ದ ರೈತರಿಗೆ ಈ ಜಾತಿಯ ವಾಹನಗಳಿಂದ ದೊಡ್ಡ ಅನುಕೂಲವಾಯಿತು. ಕಂಪ್ಲಿಯ ಬಳಿ ತುಂಗಭದ್ರೆಯ ನೀರಿನ ಆಶ್ರಯದಲ್ಲಿ ಬಾಳೆಯನ್ನೂ ಕಬ್ಬನ್ನೂ ಬೆಳೆಯುತ್ತಿದ್ದ ನಮ್ಮ ತಂದೆಯವರು ಕೆಲವು ವರ್ಷಗಳ ಮೇಲೆ ಇಂತಹ ಗಾಡಿಯೊಂದನ್ನು, ಒಬ್ಬರು ಬಳಸಿ ಬಿಟ್ಟುದನ್ನು, ಕೊಂಡರು. ಅದು ಮನೆಗೆ ಬಂದ ದಿನ ಚಕ್ರಗಳಿಗೆ ನಿಂಬೆಯ ಹಣ್ಣನ್ನಿಟ್ಟು ಪೂಜೆ ಮಾಡಿದುದು ನನಗೆ ಚೆನ್ನಾಗಿ ನೆನಪಿದೆ. ಸಂಡೂರಿನ ಬೆಟ್ಟಗಳಲ್ಲಿ ಅದಿರಿನ ವ್ಯಾಪಾರ ಉಬ್ಬರದಲ್ಲಿದ್ದಾಗ ಈ ಗಾಡಿ ಗಣಿಯ ಕೂಲಿಕಾರರ ಅಡುಗೆಮನೆಗಳಿಗೆ ತರಕಾರಿಯನ್ನು ಸಾಗಿಸಿತು. ಅದಿರಿನ ಲಾರಿಗಳು ಅಗೆದು ಹಾಕಿದ ಆ ಕೆಂಪು ದಾರಿಗಳಲ್ಲಿ ಅದು ಕುಲುಕಿದ ಕುಲುಕಾಟ ಇಷ್ಟಷ್ಟಲ್ಲ. 2011ರ ಜುಲೈ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆಯಲಾಗಿ ಸಂಡೂರಿನ ಬಾಡಿಗೆ ನಿಂತಿತು. ಗಾಡಿ ಮತ್ತೆ ತೋಟಕ್ಕೆ ಬಂದಿತು. ಮೇಲೆ ಬಣ್ಣ ಹೊಸದಾಯಿತು. ಕೆಳಗೆ ಏನಾಗಿದೆಯೆಂದು ಯಾರೂ ನೋಡಲಿಲ್ಲ.

ತಂದೆಯವರು ತೀರಿಕೊಂಡ ಮೇಲೆ ತೋಟವನ್ನೂ ಗಾಡಿಯನ್ನೂ ನನ್ನ ತಮ್ಮನು ವಹಿಸಿಕೊಂಡನು. ನಾನಾದರೋ ಹೊಸಪೇಟೆಯಲ್ಲಿ ಉಪಾಧ್ಯಾಯನಾಗಿ, ವರ್ಷಕ್ಕೆರಡು ಸಲ ಊರಿಗೆ ಹೋಗಿ ಲೆಕ್ಕ ಕೇಳುವ ಅಣ್ಣನಾದೆನು. ಒಂದು ರಾತ್ರಿ ತೋಟದ ಕಲ್ಲುಗಂಬಕ್ಕೆ ಗಾಡಿಯ ಬಲಮೂಲೆ ತಗುಲಿತು. ಯಾರೋ ಒಬ್ಬರು ಬಾನೆಟ್ಟಿನ ಅಂಚನ್ನು ಬಡಿದು, ಪುಟ್ಟಿ ಮೆತ್ತಿ ಕಳುಹಿಸಿದರು. ಅಂದಿನಿಂದ ಬಲಗಡೆಯ ಸಂದಿನಲ್ಲಿ ಬೆರಳು ಹೋಗುತ್ತಿತ್ತು. ಎಡಗಡೆಯಲ್ಲಿ ಉಗುರೂ ಹೋಗುತ್ತಿರಲಿಲ್ಲ. ಎರಡು ಕೈಯಿಂದ ಬಡಿದಲ್ಲದೆ ಲಾಕು ಬೀಳುತ್ತಿರಲಿಲ್ಲ. ಸರಿಯಾಗಿ ಕೆಲಸ ಮಾಡಿಸಬೇಕು, ಒಂದಿಷ್ಟು ಹಣ ಕೂಡಿಸಿಕೊಡೆಂದು ತಮ್ಮನು ಕೇಳಿದನು. "ಮುದಿ ಗಾಡಿಗೆ ಶೃಂಗಾರವೇಕೆ? ಜೋರಾಗಿ ಹಾಕು, ಬೇಕಾದರೆ ಒಂದು ತಂತಿ ಕಟ್ಟು" ಎಂದು ನಾನು ಹೇಳಿದೆನು. ಅವನು ತಂತಿ ಕಟ್ಟಿದನು.

ಕಳೆದ ಕಾರ್ತಿಕ ಮಾಸದ ಒಂದು ಬೆಳಗು ನಾವಿಬ್ಬರೂ ಬಾಳೆಗೊನೆಗಳನ್ನು ತುಂಬಿಕೊಂಡು ಕಂಪ್ಲಿಯಿಂದ ಹೊಸಪೇಟೆಗೆ ಬರುತ್ತಿದ್ದೆವು. ಕಮಲಾಪುರ ಇನ್ನೂ ಮುಂದಿತ್ತು. ದೂರದಲ್ಲಿ ಒಂದು ಕುರಿಮಂದೆ ದಾರಿಯನ್ನು ದಾಟುತ್ತಿತ್ತು. ಚಕ್ರ ಒಂದು ಗುಂಡಿಗೆ ಇಳಿದೆದ್ದ ಕ್ಷಣದಲ್ಲಿ ತಂತಿ ಹರಿಯಿತು. ಗಾಳಿ ಒಳಹೊಕ್ಕು ಬಾನೆಟ್ಟು ಎದ್ದು ನಮ್ಮ ಮುಂದಿನ ಗಾಜಿಗೆ ಅಪ್ಪಳಿಸಿತು. ಆಕಾಶವೂ ದಾರಿಯೂ ಒಮ್ಮೆಗೇ ಮಾಯವಾದವು. ತಮ್ಮನು ಬೆದರಲಿಲ್ಲ. ತಲೆಯನ್ನು ಸ್ಟಿಯರಿಂಗಿನ ಮಟ್ಟಕ್ಕೆ ಬಗ್ಗಿಸಿ, ಬಾನೆಟ್ಟಿನ ಬುಡದಲ್ಲಿ ಉಳಿದಿದ್ದ ನಾಲ್ಕು ಬೆರಳಗಲದ ಕಿಂಡಿಯಿಂದ ದಾರಿಯನ್ನು ನೋಡುತ್ತ, ಬ್ರೇಕನ್ನು ಮೆಲ್ಲಮೆಲ್ಲನೆ ಒತ್ತಿದನು. ಗಾಡಿ ನಿಂತಾಗ ಮಂದೆಗೂ ನಮಗೂ ನಾಲ್ಕು ಮಾರಿನ ಅಂತರವಿತ್ತು. ಕುರಿ ಕಾಯುವ ಹುಡುಗ, ನನ್ನ ತರಗತಿಯ ಹುಡುಗರಷ್ಟೇ ವಯಸ್ಸಿನವನು, ನಮ್ಮನ್ನು ಬೈಯಲೂ ಇಲ್ಲ. ಒಂದು ಮರಿಯನ್ನು ಎದೆಗೆ ಅವುಚಿಕೊಂಡು ಸುಮ್ಮನೆ ನಿಂತಿದ್ದನು. ತಮ್ಮನು ಕೆಳಗಿಳಿದು, ಹರಿದ ತಂತಿಯ ತುಂಡನ್ನು ಬಿಚ್ಚಿ ತಂದು ನನ್ನ ಕೈಯಲ್ಲಿಟ್ಟನು.

"ತಗೋ ಅಣ್ಣಾ, ನೀ ಹೇಳಿದ ತಂತಿ."

ಹೊಸಪೇಟೆ ಸೇರುವವರೆಗೆ ನಮ್ಮಿಬ್ಬರಲ್ಲಿ ಬೇರೆ ಮಾತು ಆಗಲಿಲ್ಲ.

ಮರುದಿನ ಟಿಂಕರಿಂಗ್ ಕೆಲಸದ ವೃದ್ಧ ಮೇಸ್ತ್ರಿಯೊಬ್ಬರ ಬಳಿಗೆ ಹೋದೆವು. ಅವರು ಬಗ್ಗಿದ ಬಾನೆಟ್ಟನ್ನು ಕಣ್ಣೆತ್ತಿಯೂ ನೋಡದೆ, ಗೋಣಿಯ ತಾಟನ್ನು ಹಾಸಿಕೊಂಡು ಗಾಡಿಯ ಅಡಿಗೆ ನುಸುಳಿದುದನ್ನು ಕಂಡು ನನಗೆ ಆಶ್ಚರ್ಯವಾಯಿತು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು, ಕೈಯಲ್ಲಿ ಪುಡಿಯಾಗುತ್ತಿದ್ದ ಕರಿಯ ರಬ್ಬರಿನ ಚೂರನ್ನು ತೋರಿಸಿದರು.

"ಬಾನೆಟ್ಟಿನ ತಪ್ಪಿಲ್ರೀ ಮೇಷ್ಟ್ರೇ. ಅದು ಬರೇ ಸಾಕ್ಷಿ. ಕಳ್ಳ ಕೆಳಗೆ ಅದಾನ್ರೀ."

ಈ ಜಾತಿಯ ಗಾಡಿಯಲ್ಲಿ ಛಾಸಿ ಬೇರೆ, ಕ್ಯಾಬಿನ್ನು ಬೇರೆ. ಏಣಿಯಾಕಾರದ ಛಾಸಿಯ ಮೇಲೆ ಕ್ಯಾಬಿನ್ನು ರಬ್ಬರ್ ಬುಷ್ಷುಗಳ ಮೇಲೆ ಕುಳಿತು, ಬೋಲ್ಟುಗಳಿಂದ ಬಿಗಿಸಲ್ಪಟ್ಟಿರುತ್ತದೆ. ಆ ರಬ್ಬರು ಸತ್ತರೆ ಕ್ಯಾಬಿನ್ನು ಒಂದು ಮೂಲೆಗೆ ಕುಸಿಯುತ್ತದೆ. ಕ್ಯಾಬಿನ್ನು ಕುಸಿದರೆ ಅದಕ್ಕೆ ಅಂಟಿದ ಕೀಲು ಓರೆಯಾಗುತ್ತದೆ. ಕೀಲು ಓರೆಯಾದರೆ ಮಾರುದ್ದ ಮುಂದಿರುವ ಬಾನೆಟ್ಟಿನ ತುದಿ ಬೆರಳಗಲ ಸರಿಯುತ್ತದೆ. ಕಲ್ಲುಗಂಬದ ಪೆಟ್ಟು ಕೇವಲ ನೆಪವಾಗಿತ್ತು. ಸಂಡೂರಿನ ದಾರಿಗಳು ಆ ಕೆಲಸವನ್ನು ಅದಕ್ಕೂ ಮೊದಲೇ ಮುಕ್ಕಾಲುಪಾಲು ಮುಗಿಸಿದ್ದವು.

ಮೇಸ್ತ್ರಿಯವರ ಕೆಲಸದ ಕ್ರಮವನ್ನು ಇಲ್ಲಿ ಹೇಳಲೇಬೇಕು. ಏಕೆಂದರೆ ನಾನು ಊಹಿಸಿದ್ದುದಕ್ಕೆ ಅದು ತೀರ ವಿಪರೀತವಾಗಿತ್ತು. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ನಾಲ್ಕು ಚಕ್ರಗಳ ಗಾಳಿಯನ್ನು ಸಮಮಾಡಿದರು. ಕೀಲುಗಳ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, ಆಮೇಲೆಯೇ ಬೋಲ್ಟುಗಳನ್ನು ಬಿಚ್ಚಿದರು. ಎಲ್ಲಿಂದ ಹೊರಟೆವೆಂಬ ಗುರುತು ಇಲ್ಲದಿದ್ದರೆ ಎಲ್ಲಿಗೆ ಬಂದೆವೆಂದು ತಿಳಿಯದಷ್ಟೆ. ಬಾನೆಟ್ಟಿನ ಗೂಡಿಗೆ ಮೂಲೆಯಿಂದ ಮೂಲೆಗೆ ಅಡ್ಡಲಾಗಿ ದಾರ ಹಿಡಿದು ಅಳೆದರು. ಎರಡು ಓರೆಯ ಅಳತೆಗಳು ಒಂದೇ ಆದರೆ ಗೂಡು ಚೌಕವಾಗಿದೆಯೆಂದು ಅರ್ಥ. ನಮ್ಮದರಲ್ಲಿ ಅರ್ಧ ಅಂಗುಲದ ವ್ಯತ್ಯಾಸವಿತ್ತು. ಬುಷ್ಷುಗಳು ಮರುದಿನ ಬೆಳಗ್ಗೆಯಲ್ಲದೆ ದೊರೆಯಲಾರವೆಂದು ತಿಳಿಯಿತು. "ಹೊತ್ತು ಹೋಗದಿದ್ದರೆ ಹಂಪಿಗೆ ಹೋಗಿ ಕಲ್ಲಿನ ರಥದ ಸಂದು ನೋಡಿ ಬರ್ರೀ" ಎಂದು ಅವರು ನಕ್ಕರು.

ಹೋದೆವು. ಹಂಪಿ ನನಗೆ ಹೊಸದಲ್ಲ. ಹುಡುಗರನ್ನು ಎಷ್ಟೋ ಸಲ ಕರೆದುಕೊಂಡು ಹೋಗಿ, ವಿಠ್ಠಲ ದೇವಾಲಯದ ರಥವನ್ನು ತೋರಿಸಿ, ಇದು ಒಂದೇ ಕಲ್ಲಿನದೆಂದು ಧೈರ್ಯವಾಗಿ ಹೇಳಿದ್ದೆನು. 2017ರಿಂದ ಐವತ್ತು ರೂಪಾಯಿಯ ನೋಟಿನ ಬೆನ್ನಮೇಲೂ ಅದೇ ರಥವಿರುವುದರಿಂದ ಹುಡುಗರೂ ನಂಬುತ್ತಿದ್ದರು. ಅಂದು ಸಂದನ್ನೇ ಹುಡುಕುತ್ತ ನೋಡಿದಾಗ ಕಂಡುದು ಬೇರೆ. ಅದು ಹಲವು ದೊಡ್ಡ ಕಲ್ಲುಗಳ ಕೂಡಿಕೆ. ಶಿಲ್ಪಿಗಳು ಸಂದುಗಳನ್ನು ಕೆತ್ತನೆಯ ಗೆರೆಗಳಲ್ಲಿ ಅಡಗಿಸಿದ್ದಾರೆ. ಹಿಂದಿರುಗುವಾಗ ಅರಮನೆಯ ಆವರಣದ ಗೋಡೆಗಳನ್ನೂ ನೋಡಿದೆವು. ಅಲ್ಲಿ ಗಾರೆಯಿಲ್ಲ. ಒಂದು ಕಲ್ಲಿನಂತೆ ಇನ್ನೊಂದಿಲ್ಲ. ಒಂದರ ಓರೆಗೆ ತಕ್ಕಂತೆ ಮತ್ತೊಂದನ್ನು ಕಡಿದು ಕೂಡಿಸಿದ್ದಾರೆ. ಮೇಲಿನದು ತನ್ನ ಭಾರದಿಂದಲೇ ಕೆಳಗಿನದನ್ನು ಒತ್ತಿ ಹಿಡಿದಿದೆ.

ತಮ್ಮನು ಗೋಡೆಯ ಸಂದಿನಲ್ಲಿ ಉಗುರನ್ನು ತೂರಿಸಲು ನೋಡಿ, "ಇಲ್ಲಿ ಕೂದಲೂ ಹೋಗಲ್ಲ. ಗಾಡೀನೂ ಹೀಗೇ ಕೂಡ್ಸಬಹುದಲ್ಲ ಅಣ್ಣಾ?" ಎಂದನು. ಎರಡು ದಿನಗಳಲ್ಲಿ ಅವನು ನನ್ನೊಡನೆ ಆಡಿದ ಮೊದಲ ಉದ್ದನೆಯ ಮಾತು ಅದು. ನನಗೆ ಉತ್ತರ ತಿಳಿಯಲಿಲ್ಲ. ಬೆಳಗ್ಗೆ ಮೇಸ್ತ್ರಿಯವರನ್ನೇ ಕೇಳಿದೆವು.

"ಗೋಡೆ ನಿಂತಿರೋದು, ಗಾಡಿ ಓಡಾಡೋದು" ಎಂದರು ಅವರು. "ಓಡಾಡೋದಕ್ಕೆ ಸಂದು ಬೇಕ್ರೀ. ಸಂದು ಸಣ್ಣದಾಗಬೇಕು ಅಂತಲ್ಲ, ಒಂದೇ ಸಮ ಇರಬೇಕು."

ಒಂದು ಚಕ್ರ ಗುಂಡಿಗಿಳಿದಾಗ ಛಾಸಿ ಸ್ವಲ್ಪ ತಿರುಚಿಕೊಳ್ಳುತ್ತದೆ. ಮೇಲಿನ ತಗಡುಗಳೆಲ್ಲ ಅಷ್ಟಷ್ಟು ಜರುಗುತ್ತವೆ. ಸಂದಿಲ್ಲದ ಕಡೆ ತಗಡು ತಗಡನ್ನು ಉಜ್ಜುತ್ತದೆ, ಬಣ್ಣ ಏಳುತ್ತದೆ, ತುಕ್ಕು ಹಿಡಿಯುತ್ತದೆ. ಅತಿಯಾದ ಕಡೆ ನೀರೂ ಗಾಳಿಯೂ ನುಗ್ಗುತ್ತವೆ. ನಮ್ಮ ಬಾನೆಟ್ಟಿನಲ್ಲಿ ಎರಡು ದೋಷಗಳೂ ಒಂದೇ ಕಾಲಕ್ಕೆ ಇದ್ದವು.

ಹೊಸ ಬುಷ್ಷುಗಳು ಬಂದವು. ಜಾಕಿಯಿಂದ ಕ್ಯಾಬಿನ್ನನ್ನು ಎತ್ತಿ ಅವುಗಳನ್ನು ಕೂರಿಸುತ್ತಲೇ ಸೊಟ್ಟತನದ ಅರ್ಧಪಾಲು ತಾನಾಗಿಯೇ ಹೋಯಿತು. ಒಂದು ಸುತ್ತಿಗೆಯ ಪೆಟ್ಟೂ ಬಿದ್ದಿರಲಿಲ್ಲ! ಆಮೇಲೆ ಬಾಗಿಲುಗಳನ್ನು ಕ್ಯಾಬಿನ್ನಿಗೆ ಹೊಂದಿಸಿದರು; ಬಾಗಿಲುಗಳಿಗೆ ತಕ್ಕಂತೆ ಮಡ್ಗಾರ್ಡುಗಳನ್ನು, ಬೇಕಾದಲ್ಲಿ ತೆಳುವಾದ ವಾಷರುಗಳನ್ನು ಕೊಟ್ಟು, ನಿಲ್ಲಿಸಿದರು. ಯಾವ ಬೋಲ್ಟನ್ನೂ ಪೂರ್ತಿ ಬಿಗಿಯಲಿಲ್ಲ. ಒಂದನ್ನು ಬಿಗಿದುಬಿಟ್ಟರೆ ಉಳಿದವುಗಳೆಲ್ಲ ಅದರ ತಪ್ಪಿಗೆ ತಲೆಬಾಗಬೇಕಾಗುತ್ತದೆಂದು ಅವರ ಅಭಿಪ್ರಾಯ.

ಬಾನೆಟ್ಟಿನ ಸರದಿ ಬಂದುದು ಎಲ್ಲಕ್ಕೂ ಕೊನೆಗೆ. ಅಷ್ಟರಲ್ಲಿ ಅದರ ಬಾಗನ್ನು ತೆಗೆದಿದ್ದರು. ಅದನ್ನು ಒಬ್ಬನೇ ಏರಿಸಲಾಗದು. ಒಂದೊಂದು ಮೂಲೆಗೆ ಒಬ್ಬೊಬ್ಬರು ಹೆಗಲು ಕೊಡಬೇಕು. ಮೇಸ್ತ್ರಿಯವರು ನನ್ನನ್ನು ಎಡಕ್ಕೂ ತಮ್ಮನನ್ನು ಬಲಕ್ಕೂ ನಿಲ್ಲಿಸಿದರು. ಲಾಕನ್ನು ಬೇಕೆಂದೇ ಹಾಕಿರಲಿಲ್ಲ. ಅದಿದ್ದರೆ ಬಾನೆಟ್ಟನ್ನು ತನ್ನ ಕಡೆಗೆ ಎಳೆದುಕೊಂಡು ಸುಳ್ಳು ಸಾಕ್ಷಿ ಹೇಳಿಸುತ್ತದೆ. ಕೀಲಿನ ತೂತುಗಳು ಉದ್ದವಾಗಿರುವುದರಿಂದ ಬೋಲ್ಟು ಸಡಿಲವಿದ್ದಾಗ ಬಾನೆಟ್ಟನ್ನು ಕೂದಲೆಳೆಯಷ್ಟು ಮುಂದಕ್ಕೂ ಹಿಂದಕ್ಕೂ ಸರಿಸಬಹುದು. "ಎಡಕ್ಕೆ ಸ್ವಲ್ಪ." ನಾನು ಎಳೆದೆ. "ಅಷ್ಟು ಬ್ಯಾಡ್ರೀ, ತಮ್ಮಗೂ ಸ್ವಲ್ಪ ಬಿಡ್ರಿ." ಆ ಮಾತನ್ನು ಅವರು ಬಾನೆಟ್ಟಿನ ಕುರಿತಾಗಿಯೇ ಹೇಳಿದರು, ಕೇಳಿದವನಿಗೆ ಬೇರೆಯೂ ಕೇಳಿಸಿದರೆ ಅದು ಅವರ ತಪ್ಪಲ್ಲ. 5 ಮಿಲಿಮೀಟರು ದಪ್ಪದ ಒಂದು ಮರದ ಪಟ್ಟಿಯನ್ನು ಸಂದಿನುದ್ದಕ್ಕೂ ಎಳೆಯುತ್ತ ಹೋದರು. ಸಿಕ್ಕಿಕೊಂಡಲ್ಲಿ ನಿಂತು, ಸಡಿಲವಾದಲ್ಲಿ ತಲೆಯಾಡಿಸಿ, ನಾಲ್ಕೈದು ಬಾರಿ ಸರಿಸಿದರು. ಮುಂದಿನ ಎತ್ತರವನ್ನು ತಿರುಪಿನ ಮೇಲಿರುವ ರಬ್ಬರ್ ಗುಬ್ಬಿಗಳನ್ನು ತಿರುಗಿಸಿ ಹೊಂದಿಸಿದರು. ಕಡೆಯದಾಗಿ ಕಣ್ಣು ಮುಚ್ಚಿ ಬಾನೆಟ್ಟಿನಿಂದ ಮಡ್ಗಾರ್ಡಿಗೆ ಬೆರಳ ತುದಿಗಳನ್ನು ಸವರಿದರು. ಕಣ್ಣಿಗೆ ಮೋಸವಾಗಬಹುದು, ಬೆರಳಿಗೆ ಆಗದಂತೆ. ಆಮೇಲೆ ಲಾಕು, ಅದರ ಜೊತೆಗೆ, ಲಾಕು ಜಾರಿದರೂ ಹಿಡಿಯುವ ಎರಡನೆಯ ಕೊಕ್ಕೆ. ಆ ಕೊಕ್ಕೆ ನಮ್ಮ ಗಾಡಿಯಲ್ಲಿ ಬಗ್ಗಿಹೋಗಿದ್ದುದನ್ನು ನಾವಿಬ್ಬರೂ ಗಮನಿಸಿರಲಿಲ್ಲ.

"ಬಡೀಬ್ಯಾಡ್ರಿ. ಗೇಣೆತ್ತರದಿಂದ ಬಿಡ್ರಿ."

ಬಿಟ್ಟೆವು. ತನ್ನ ಭಾರಕ್ಕೆ ತಾನೇ ಇಳಿದು ಬಾನೆಟ್ಟು 'ಟಕ್' ಎಂದು ಕೂಡಿಕೊಂಡಿತು. "ಅಪ್ಪ ಇದ್ದಾಗ ಹೀಗೇ ಬೀಳ್ತಿತ್ತು" ಎಂದು ತಮ್ಮನು ಮೆಲ್ಲನೆ ಹೇಳಿದನು. ಹಣವನ್ನು ನಾನು ಕೊಟ್ಟೆನು; ಅದು ಕೇಳಿದಾಗಲೇ ಕೊಡಬೇಕಾಗಿದ್ದ ಹಣ. ಆದಕಾರಣ ಅದರಲ್ಲಿ ಔದಾರ್ಯವೇನೂ ಇಲ್ಲ.

ಸಂಜೆ ಕಂಪ್ಲಿಗೆ ಹೊರಟಾಗ ನನ್ನ ಜೇಬಿನಲ್ಲಿದ್ದ ತಂತಿಯ ತುಂಡನ್ನು ತೆಗೆದು ಕಿಟಕಿಯಿಂದ ಹೊರಕ್ಕೆ ಎಸೆಯಹೋದೆನು. ತಮ್ಮನು ಕೈಹಿಡಿದು ತಡೆದನು.

"ಇರಲಿ ಬಿಡು ಅಣ್ಣಾ. ಬಾಳೆಗಿಡಕ್ಕೆ ಆಸರೆ ಕಟ್ಟೋಕೆ ಬರ್ತದೆ."